ಪೀತಶಂಖ

ಕಾಮಾಲೆಯಾದವನ ಕಣ್ಣಿಗೆ ಬಿಳಿಯ ಶಂಖವು ಹಳದಿಯಾಗಿ ತೋರುವುದೆಂಬ ದೃಷ್ಟಾಂತವನ್ನು ತರ್ಕಶಾಸ್ತ್ರವನ್ನೋದಿದವರೆಲ್ಲರೂ ಬಲ್ಲರು. ಆದರೆ ಇಂತಹ ಭ್ರಮೆಗೆ ರೋಗವೇ ಬೇಕೆಂದಿಲ್ಲ. ಹಳದಿಯ ದೀಪದಡಿಯಲ್ಲಿ ಅರ್ಧ ಗಳಿಗೆ ಕುಳಿತರೆ ಸಾಕು, ನಿರೋಗಿಯ ಕಣ್ಣೂ ಆ ಹಳದಿಯನ್ನೇ ಬಿಳುಪೆಂದು ಒಪ್ಪಿಬಿಡುವುದು. ವೀಡಿಯೋ ಚಿತ್ರದ ವರ್ಣವನ್ನು ತಿದ್ದುವವನಿಗೆ ಇದು ದೊಡ್ಡ ತೊಡಕು.

ಮದುವೆಯ ಚಿತ್ರಗಳನ್ನು ಸಂಕಲಿಸಿ ಜೀವಿಸುವ ತರುಣನೊಬ್ಬನುಂಟು. ಒಂದು ಮದುವೆಯಲ್ಲಿ ಎದುರಿನ ಕ್ಯಾಮರಾವನ್ನು ದೀಪದ ಬೆಳಕಿಗೆ, ಎಂದರೆ 3200 ಕೆಲ್ವಿನ್ನಿಗೆ, ಹೊಂದಿಸಿದ್ದರು. ಪಕ್ಕದ್ದು ಹಗಲಿನ 5600ರಲ್ಲಿಯೇ ಉಳಿದಿದ್ದಿತು. ಒಂದೇ ಧಾರೆಯ ಸೀರೆಯು ಒಂದರಲ್ಲಿ ಬಿಳುಪು, ಇನ್ನೊಂದರಲ್ಲಿ ಕಿತ್ತಳೆ! ತರುಣನು ಹಳದಿಯ ಬಲ್ಬಿನ ಕೆಳಗೆ ನಡುರಾತ್ರಿಯವರೆಗೆ ಕುಳಿತು ಎರಡನ್ನೂ ಕಣ್ಣಳತೆಯಲ್ಲಿಯೇ ಸರಿಗೊಳಿಸಿದನು. ಬೆಳಗ್ಗೆ ನೋಡಿದರೆ ಮಂಟಪವೆಲ್ಲವೂ ಪೀತಶಂಖ. ಅಂದಿನಿಂದ ಅವನು ಮಾಪಕಗಳನ್ನು ನೋಡತೊಡಗಿದನು.

ವೇವ್‌ಫಾರ್ಮ್ ಎಂಬ ಮಾಪಕದಲ್ಲಿ ಚಿತ್ರದ ಎಡಬಲಗಳು ಎಡಬಲಗಳಾಗಿಯೇ ಇರುವುವು; ಎತ್ತರವು ಮಾತ್ರ ಬೆಳಕಿನ ಪ್ರಮಾಣ. ಸೊನ್ನೆಯಲ್ಲಿ ಕಪ್ಪು, ನೂರರಲ್ಲಿ ಬಿಳುಪು. ಎಂಟು ಬಿಟ್ಟಿನ ಲೆಕ್ಕದಲ್ಲಿ ಅಂಕೆಗಳು 0ಯಿಂದ 255ರವರೆಗೆ ಇದ್ದರೂ ದೂರದರ್ಶನದ ಪದ್ಧತಿಯಲ್ಲಿ ಕಪ್ಪು 16, ಬಿಳುಪು 235. ಈ ಪದ್ಧತಿಯ ಚಿತ್ರವನ್ನು ಪೂರ್ಣವ್ಯಾಪ್ತಿಯದೆಂದು ಓದಿದರೆ ಕಪ್ಪು ಬೂದಿಯಾಗುವುದು. ತಿರುಗಾಮುರುಗಾ ಆದರೆ ನೆರಳೊಳಗಿನ ವಿವರಗಳೆಲ್ಲ ಮುಳುಗುವುವು. ವರನ ಪಂಚೆಯ ನೆರಿಗೆಯನ್ನು ಕ್ಯಾಮರಾವೇ ಅತಿ ಬೆಳಕಿನಲ್ಲಿ ಕಳೆದಿದ್ದರೆ ಯಾವ ತಿದ್ದುಪಡಿಯೂ ಅದನ್ನು ಮರಳಿ ತರಲಾರದು.

ವೆಕ್ಟರ್‌ಸ್ಕೋಪೆಂಬುದು ಇನ್ನೂ ಕುತೂಹಲಕರವಾದುದು. ಅದೊಂದು ವೃತ್ತ. ದಿಕ್ಕು ಯಾವ ಬಣ್ಣವೆಂಬುದನ್ನೂ ಕೇಂದ್ರದಿಂದ ದೂರವು ಆ ಬಣ್ಣದ ಗಾಢತೆಯನ್ನೂ ತಿಳಿಸುವುವು. ಕೆಂಪಿಗೂ ಹಳದಿಗೂ ನಡುವೆ ಒಂದು ರೇಖೆಯಿದೆ. ಬೆಳಕು ಸರಿಯಾಗಿದ್ದರೆ ಮನುಷ್ಯರ ಚರ್ಮವು, ಅವರು ಯಾವ ದೇಶದವರೇ ಆಗಲಿ, ಈ ರೇಖೆಯ ಆಸುಪಾಸಿನಲ್ಲಿಯೇ ಬೀಳುವುದು. ಎಲ್ಲರಲ್ಲಿಯೂ ಇರುವುದು ಅದೇ ಮೆಲನಿನ್, ಅದೇ ರಕ್ತ. ಗೌರವರ್ಣ, ಶ್ಯಾಮವರ್ಣ ಎಂದು ಜಾತಕದ ಜೊತೆಯಲ್ಲಿ ಬರೆದು ಕಳುಹಿಸುವ ಭೇದವು ಬಹುಮಟ್ಟಿಗೆ ವೇವ್‌ಫಾರ್ಮಿನ ಎತ್ತರದಲ್ಲಿ ಮಾತ್ರ ಕಾಣುವುದು.

ಆ ಮದುವೆಯ ವರನ ಕಡೆಯ ಹಿರಿಯರೊಬ್ಬರು ಬಂದು, “ಹುಡುಗಿಯ ಮುಖವನ್ನು ಸ್ವಲ್ಪ ಬೆಳ್ಳಗೆ ಮಾಡಪ್ಪ” ಎಂದರು. ಅದು ಕ್ಷಣದ ಕೆಲಸ. ಮಾಪಕವೂ ಇದನ್ನು ತಡೆಯದು. ನೂರರೊಳಗಿದ್ದರೆ ಅದರ ತಕರಾರಿಲ್ಲ. ತರುಣನು ಮಾಡಿ ನೋಡಿದನು. ಮುಖವು ಬೆಳಗಿತು; ಕೆನ್ನೆಯ ಅರಿಸಿನವು ಅಳಿಸಿಹೋಯಿತು; ಪಕ್ಕದಲ್ಲಿಯೇ ನಿಂತಿದ್ದ ತಾಯಿಗೂ ಮಗಳಿಗೂ ಇದ್ದ ಹೋಲಿಕೆಯು ತಪ್ಪಿತು. ಬಹಳ ಹೊತ್ತು ಸುಮ್ಮನಿದ್ದು, ಮೊದಲಿನ ಎತ್ತರಕ್ಕೇ ಇಳಿಸಿ, ಬೆಳಕಿನ ದೋಷವನ್ನು ಮಾತ್ರ ತೆಗೆದು ಚಿತ್ರವನ್ನು ಒಪ್ಪಿಸಿದನು.

ಹಿರಿಯರು ನೋಡಿದರು, ಏನೂ ಅನ್ನಲಿಲ್ಲ, ಮಾತಾಡಿದ್ದ ಹಣದಲ್ಲಿ ಐನೂರು ರೂಪಾಯಿ ಹಿಡಿದುಕೊಂಡು ಉಳಿದುದನ್ನು ಕೊಟ್ಟರು. ತಿಂಗಳು ಕಳೆದ ಮೇಲೆ ವಧುವಿನ ತಾಯಿಯವರು ಬಂದು, ಅದೇ ಚಿತ್ರದ ಇನ್ನೊಂದು ಪ್ರತಿಯು ತಮಗೂ ಬೇಕೆಂದು ಹೇಳಿ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು.