ಅಜ್ಜನ ಟೀವಿ, ಮೊಮ್ಮಗಳ ಪರೀಕ್ಷೆ

ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ಪುತ್ತೂರು, ಸುಳ್ಯ, ಅರಂತೋಡು, ಕಲ್ಲುಗುಂಡಿಗಳನ್ನು ದಾಟಿ ಸಂಪಾಜೆಗೆ ಮುಟ್ಟುವಾಗ ದಕ್ಷಿಣ ಕನ್ನಡ ಮುಗಿದು ಕೊಡಗು ಆರಂಭವಾಗುತ್ತದೆ. ಕೆಳಗೆ ಪಯಸ್ವಿನಿ, ಅಕ್ಕಪಕ್ಕದಲ್ಲಿ ಅಡಿಕೆ, ರಬ್ಬರು ತೋಟಗಳು, ಮುಂದೆ ಘಟ್ಟ. ಇಂಥ ಊರಿನಲ್ಲಿ ಮಳೆಗಾಲ ಬಂತೆಂದರೆ ಮನೆಮಂದಿಯೆಲ್ಲ ಒಂದು ಸ್ವರ ಮೇಲೆ ಮಾತಾಡುತ್ತಾರೆ. ಅಂಗಳಕ್ಕೆ ಶೀಟು ಹಾಕಿಸಿದ ಮನೆಯಾದರಂತೂ ಹೇಳುವುದೇ ಬೇಡ. ಮಳೆಯ ಸದ್ದಿಗೆ ಮಾತು, ಮಾತಿನ ಸದ್ದಿಗೆ ಟೀವಿ, ಟೀವಿಯ ಸದ್ದಿಗೆ ಮತ್ತೆ ಮಾತು, ಹೀಗೆ ಎಲ್ಲವೂ ಏರುತ್ತಲೇ ಹೋಗುತ್ತದೆ.

ಅಂಥ ಒಂದು ಮನೆಯಲ್ಲಿ ಎಂಬತ್ತರ ಹತ್ತಿರದ ಅಜ್ಜ, ಅಜ್ಜಿ, ಮಗ, ಸೊಸೆ ಮತ್ತು ಎಸ್ಸೆಸ್ಸೆಲ್ಸಿ ಓದುವ ಮೊಮ್ಮಗಳು. ಟೀವಿ ಇರುವುದು ಚಾವಡಿಯಲ್ಲಿ. ಹುಡುಗಿಯ ಓದುವ ಮೇಜು ಪಕ್ಕದ ಕೋಣೆಯಲ್ಲಿ. ನಡುವಿನ ಗೋಡೆ ಹಳೆಯ ಕಾಲದ್ದು, ಹೆಂಚಿನ ಮಾಡಿನವರೆಗೆ ಹೋಗಿಲ್ಲ. ಸಂಜೆ ಏಳಕ್ಕೆ ವಾರ್ತೆ, ಆಮೇಲೆ ಯಕ್ಷಗಾನ. ಅಜ್ಜನ ರಿಮೋಟಿನಲ್ಲಿ ವಾಲ್ಯೂಮು 40 ದಾಟಿದರೇ ಸಮಾಧಾನ.

"ಅಜ್ಜಾ, ಸ್ವಲ್ಪ ಸಣ್ಣ ಮಾಡಿ, ನನಗೆ ಓದಲಿಕ್ಕುಂಟು."

"ಸಣ್ಣ ಮಾಡಿದರೆ ಅವರು ಎಂತ ಹೇಳ್ತಾರೆಂದೇ ಗೊತ್ತಾಗುವುದಿಲ್ಲ ಮಗಾ."

ಇದು ದಿನನಿತ್ಯದ ಸಂವಾದ. ಹುಡುಗಿಗೆ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಅಂಕ ಇಳಿಯಿತು. ಅಂದು ಸಂಜೆ ಅವಳ ಅಪ್ಪ ತೋಟದಿಂದ ಬಂದವನೇ, ಪ್ರಸಂಗ ನಡೆಯುತ್ತಿದ್ದಂತೆ ಟೀವಿ ನಂದಿಸಿದ. ಅಜ್ಜ ಏನೂ ಹೇಳಲಿಲ್ಲ. ಎದ್ದು ಹೋಗಿ ಜಗಲಿಯ ಕತ್ತಲೆಯಲ್ಲಿ ಕುಳಿತರು. ಎರಡು ದಿನ ಟೀವಿಯ ಹತ್ತಿರ ಸುಳಿಯಲಿಲ್ಲ. ಮನೆ ನಿಶ್ಶಬ್ದವಾಯಿತು. ಆದರೆ ಆ ನಿಶ್ಶಬ್ದದಲ್ಲಿ ಹುಡುಗಿಗೆ ಓದಲು ಮನಸ್ಸೇ ಬರಲಿಲ್ಲ.

ಅಜ್ಜ ಹೇಳಿದ ಮಾತು ವಿಜ್ಞಾನದ ದೃಷ್ಟಿಯಿಂದ ಅಕ್ಷರಶಃ ಸರಿ. ಅವರು "ಕೇಳುವುದಿಲ್ಲ" ಎನ್ನಲಿಲ್ಲ, "ಗೊತ್ತಾಗುವುದಿಲ್ಲ" ಎಂದರು. ವಯಸ್ಸಾದಂತೆ ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳು ನಶಿಸುತ್ತವೆ. ಮೊದಲು ಹೋಗುವುದು ಹೆಚ್ಚಿನ ಆವೃತ್ತಿಯ, ಅಂದರೆ ಕೀಚಲು ಸ್ವರಗಳನ್ನು ಹಿಡಿಯುವ ಕೋಶಗಳು. ಮಾತಿನಲ್ಲಿ ಅ, ಆ, ಉ, ಓ ಮುಂತಾದ ಸ್ವರಗಳ ಬಲವೆಲ್ಲ ಕಡಿಮೆ ಆವೃತ್ತಿಯಲ್ಲಿರುತ್ತದೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಗುರುತು ಹೆಚ್ಚಾಗಿ ಸೆಕೆಂಡಿಗೆ 2,000ದಿಂದ 8,000 ಕಂಪನಗಳ ನಡುವೆ ಇರುತ್ತದೆ. ಹೀಗಾಗಿ "ಸರ", "ಶರ", "ಕರ" ಮೂರೂ ಒಂದೇ ಆಗಿ ಕೇಳಿಸುತ್ತವೆ. ವಾಲ್ಯೂಮು ಏರಿಸಿದರೆ ಮೊದಲೇ ಕೇಳುತ್ತಿದ್ದ ಸ್ವರಗಳು ಇನ್ನಷ್ಟು ಬೊಬ್ಬೆ ಹಾಕುತ್ತವೆ, ವ್ಯಂಜನಗಳು ಅಷ್ಟಾಗಿ ಸ್ಪಷ್ಟವಾಗುವುದಿಲ್ಲ. ಅದರ ಮೇಲೆ ಮಳೆಯ ಸದ್ದು, ಕೋಣೆಯ ಪ್ರತಿಧ್ವನಿ.

ಸುದ್ದಿ ತಿಳಿದ ಹುಡುಗಿಯ ಸೋದರಮಾವ ಮಂಗಳೂರಿನಿಂದ ಒಂದು ತಂತಿರಹಿತ ಹೆಡ್‌ಫೋನು ತಂದುಕೊಟ್ಟ. ಟೀವಿಯಿಂದ ಹತ್ತು ಅಡಿ ದೂರ ಕುಳಿತು ಕೇಳುವ ಬದಲು ಸದ್ದಿನ ಮೂಲವನ್ನೇ ಕಿವಿಯ ಬಳಿ ತಂದರೆ ಮಳೆಗೂ ಪ್ರತಿಧ್ವನಿಗೂ ನಡುವೆ ನುಸುಳಲು ಜಾಗ ಕಡಿಮೆ. ಹೆಡ್‌ಫೋನೇನೂ ಹೊಸತಲ್ಲ. 1910ರ ಸುಮಾರಿಗೆ ನಥಾನಿಯಲ್ ಬಾಲ್ಡ್‌ವಿನ್ ಎಂಬಾತ ತನ್ನ ಮನೆಯ ಅಡುಗೆಮನೆಯಲ್ಲೇ ತಯಾರಿಸಿದ ಹೆಡ್‌ಫೋನುಗಳನ್ನು ಅಮೆರಿಕದ ನೌಕಾಪಡೆ ಕೊಂಡಿತ್ತು. ತಂತಿಯಿಲ್ಲದ ತರಂಗವೂ ಹೊಸತಲ್ಲ. 1895ರಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತದಲ್ಲಿ ವಿದ್ಯುತ್ಕಾಂತ ತರಂಗಗಳನ್ನು ಗೋಡೆಯಾಚೆ ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. ಈ ಎರಡು ಹಳೆಯ ವಿದ್ಯೆಗಳು ಕೂಡಿದ್ದೇ ಸೋದರಮಾವನ ಪೆಟ್ಟಿಗೆ.

ಆದರೆ ಅದನ್ನು ಟೀವಿಗೆ ಜೋಡಿಸುವುದು ಎಣಿಸಿದಷ್ಟು ಸುಲಭವಾಗಲಿಲ್ಲ. ಹೆಡ್‌ಫೋನಿನ ಗುಂಡಿಯನ್ನು ದೀಪ ಮಿನುಗುವವರೆಗೆ ಒತ್ತಿ ಹಿಡಿದು, ಟೀವಿಯ ಸೆಟ್ಟಿಂಗ್ಸಿನಲ್ಲಿ ಸೌಂಡ್ ವಿಭಾಗಕ್ಕೆ ಹೋಗಿ ಹುಡುಕಿದರೆ ಹೆಸರೇ ಬರಲಿಲ್ಲ. ಬದಲಿಗೆ ಅದು ಹುಡುಗಿಯ ಅಮ್ಮನ ಮೊಬೈಲಿಗೆ ಅಂಟಿಕೊಂಡಿತು. ವಾರ್ತೆ ಕೇಳಲು ಕುಳಿತ ಅಜ್ಜನ ಕಿವಿಯಲ್ಲಿ ಯಾರೋ ಕೇಕು ಮಾಡುವ ವಿಧಾನ ಹೇಳತೊಡಗಿದರು! ಕೆಲವು ಟೀವಿಗಳಲ್ಲಿ ಬ್ಲೂಟೂತ್ ಇರುವುದು ರಿಮೋಟಿಗಾಗಿ ಮಾತ್ರ, ಅದು ಸದ್ದನ್ನು ಹೊರಗೆ ಕಳಿಸುವುದಿಲ್ಲ. ಆಗ ಬೇಕಾಗುವುದು ಟ್ರಾನ್ಸ್‌ಮಿಟರ್ ಎಂಬ ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಸಾಧನ. ಅಂಗಡಿಯಲ್ಲಿ ಅದೇ ಆಕಾರದ ರಿಸೀವರ್ ಕೂಡ ಇರುತ್ತದೆ. ಒಂದು ಕಳಿಸುವಂಥದ್ದು, ಇನ್ನೊಂದು ಪಡೆಯುವಂಥದ್ದು. ಟೀವಿಗೆ ಬೇಕಾದ್ದು ಕಳಿಸುವಂಥದ್ದು. ಈ ಮನೆಗೆ ಮೊದಲು ಬಂದದ್ದು ಪಡೆಯುವಂಥದ್ದೇ, ಸುಳ್ಯಕ್ಕೆ ಇನ್ನೊಮ್ಮೆ ಬಸ್ಸು ಹತ್ತಬೇಕಾಯಿತು.

ಟ್ರಾನ್ಸ್‌ಮಿಟರನ್ನು ಟೀವಿಯ ಹಿಂದಿನ ಹೆಡ್‌ಫೋನ್ ತೂತಿಗೆ ಚುಚ್ಚಿದ ಮೇಲೆ ಅಜ್ಜನಿಗೆ ಕೇಳಿಸಿತು. ಮುಖ ಅರಳಿತು. ಆದರೆ ಯಕ್ಷಗಾನ ಬಂದಾಗ ಅವರು ಹೆಡ್‌ಫೋನು ತೆಗೆದು ಕೆಳಗಿಟ್ಟರು. "ಚೆಂಡೆಯ ಕೋಲು ಬಿದ್ದ ಮೇಲೆ ಸದ್ದು ಬರ್ತದೆ. ಇದು ಎಂತ ಹಿಮ್ಮೇಳ?" ಎಂದರು.

ಅಜ್ಜ ಹಿಡಿದದ್ದು ನಿಜವಾದ ದೋಷವನ್ನೇ. ಬ್ಲೂಟೂತ್ 1990ರ ದಶಕದಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ಹುಟ್ಟಿದ್ದು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕನ್ನು ಆಳಿದ ಹರಾಲ್ಡ್ ಬ್ಲೂಟೂತ್ ಎಂಬ ದೊರೆಯ ಹೆಸರು ಅದಕ್ಕೆ. ಅದು ಬಳಸುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೊ ತರಂಗ. ವೈಫೈ, ಮೈಕ್ರೋವೇವ್ ಒಲೆಗಳಿಗೂ ಅದೇ ಜಾಗ. ಗದ್ದಲ ತಪ್ಪಿಸಿಕೊಳ್ಳಲು ಅದು 79 ದಾರಿಗಳ ನಡುವೆ ಸೆಕೆಂಡಿಗೆ 1,600 ಸಲ ಹಾರುತ್ತಿರುತ್ತದೆ. ತರಂಗದ ವೇಗ ಬೆಳಕಿನ ವೇಗವೇ, ತಡವಾಗುವುದು ಅದರಿಂದಲ್ಲ. ಸದ್ದನ್ನು ತುಂಡುಮಾಡಿ, ಸಂಕೇತವಾಗಿ ಮಡಿಚಿ, ಕಳಿಸಿ, ಮತ್ತೆ ಬಿಡಿಸುವ ಕೆಲಸದಲ್ಲಿ ತಡ. ನಡುವೆ ಕಡಿಯದಿರಲೆಂದು ಹೆಡ್‌ಫೋನು ಸ್ವಲ್ಪ ಸದ್ದನ್ನು ಕೂಡಿಟ್ಟುಕೊಂಡು ನುಡಿಸುವುದೂ ತಡಕ್ಕೆ ಕಾರಣ. ಸಾಮಾನ್ಯ ಬ್ಲೂಟೂತಿನಲ್ಲಿ ಇದೆಲ್ಲ ಸೇರಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟಾಗುವುದುಂಟು.

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ಅದು 68 ಮೀಟರ್ ಹೋಗುತ್ತದೆ. ಅಂದರೆ ಅಜ್ಜ ಚಾವಡಿಯಲ್ಲಿ ಕುಳಿತಿದ್ದರೂ ಅವರ ಕಿವಿ ಮಾತ್ರ ರಂಗಸ್ಥಳದಿಂದ 68 ಮೀಟರ್ ಆಚೆ, ಗದ್ದೆಯ ಕೊನೆಯಲ್ಲಿ ಕುಳಿತ ಹಾಗೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ, ಚಿತ್ರಕ್ಕಿಂತ ಸದ್ದು ಸೆಕೆಂಡಿನ ಸಾವಿರದಲ್ಲಿ 125 ಭಾಗದಷ್ಟು ಹಿಂದೆ ಬಿದ್ದರೆ ಜನರಿಗೆ ಅದು ಗೊತ್ತಾಗುತ್ತದೆ. ಸದ್ದು ಮುಂದಾದರೆ 45 ಭಾಗಕ್ಕೇ ಗೊತ್ತಾಗುತ್ತದೆ. ಮಿಂಚಿನ ಹಿಂದೆ ಗುಡುಗನ್ನು ಕೇಳಿ ಬೆಳೆದ ಮನುಷ್ಯ ಹಿಂದೆ ಬೀಳುವ ಸದ್ದನ್ನು ಸಹಿಸಿಯಾನು, ಮುಂದೆ ಓಡುವ ಸದ್ದನ್ನು ಸಹಿಸಲಾರ.

ಪರಿಹಾರಗಳು ಹಲವಿವೆ. "ಲೋ ಲೇಟೆನ್ಸಿ" ಎಂಬ ಗುರುತುಳ್ಳ ಸಾಧನಗಳಲ್ಲಿ ತಡ ಕಡಿಮೆ. ಆದರೆ ಕಳಿಸುವುದಕ್ಕೂ ಕೇಳುವುದಕ್ಕೂ, ಎರಡಕ್ಕೂ ಒಂದೇ ಬಗೆಯ ಗುರುತು ಇರಬೇಕು. ಅವಕೆಂಪು ಕಿರಣದ ಹೆಡ್‌ಫೋನುಗಳಲ್ಲಿ ತಡ ಇಲ್ಲವೆನ್ನಬಹುದು. ಆದರೆ ಅವು ರಿಮೋಟಿನಂತೆ, ನಡುವೆ ಯಾರಾದರೂ ಹಾದುಹೋದರೆ ಸದ್ದು ಕಡಿಯುತ್ತದೆ. ಟೀವಿಗೆಂದೇ ತಯಾರಾದ, ತನ್ನದೇ ಪೀಠದೊಂದಿಗೆ ಬರುವ ರೇಡಿಯೊ ಹೆಡ್‌ಫೋನು ಮೂರನೆಯದು. ಪೀಠವೇ ಸದ್ದನ್ನು ಕಳಿಸುತ್ತದೆ, ರಾತ್ರಿ ಅದರ ಮೇಲಿಟ್ಟರೆ ಬ್ಯಾಟರಿಯೂ ತುಂಬುತ್ತದೆ. ಹಿರಿಯರಿಗೆ ಪ್ರತಿದಿನ ಜೋಡಿಸುವ ತಾಪತ್ರಯವಿಲ್ಲ. ಸೋದರಮಾವ ಮೊದಲಿನದನ್ನು ತಾನಿಟ್ಟುಕೊಂಡು ಇಂಥದೊಂದನ್ನು ತಂದ. ಚೆಂಡೆಯ ಕೋಲೂ ಸದ್ದೂ ಒಟ್ಟಿಗೆ ಬಿದ್ದವು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ನಾಲ್ಕೈದು ದಿನಗಳಲ್ಲಿ ಮನೆಯವರು ಒಂದನ್ನು ಗಮನಿಸಿದರು. ಹಾಸ್ಯಗಾರನ ಮಾತಿಗೆ ಅಜ್ಜ ಒಬ್ಬರೇ ಗಟ್ಟಿಯಾಗಿ ನಗುತ್ತಿದ್ದರು. ನಕ್ಕು, ಪಕ್ಕಕ್ಕೆ ನೋಡುತ್ತಿದ್ದರು. ಪಕ್ಕದಲ್ಲಿ ಯಾರೂ ನಗುತ್ತಿರಲಿಲ್ಲ. ಅಡುಗೆಮನೆಯಲ್ಲಿದ್ದ ಅಜ್ಜಿ ಟೀವಿ ನೋಡಿದವರಲ್ಲ, ಆದರೆ ಪಲ್ಯ ಹೆಚ್ಚುತ್ತಲೇ ಎಲ್ಲ ಪ್ರಸಂಗಗಳನ್ನೂ ಕೇಳಿದವರು. "ಈಗ ಮನೆಯಲ್ಲಿ ಯಾರೂ ಇಲ್ಲದ ಹಾಗೆ ಆಗ್ತದೆ" ಎಂದರು ಅಜ್ಜಿ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಇದೇ ಜಗಲಿಯಲ್ಲಿ ಒಂದು ರೇಡಿಯೊದ ಸುತ್ತ ನೆರೆಕರೆಯವರೆಲ್ಲ ಕುಳಿತು ಯಕ್ಷಗಾನ ಕೇಳಿದ ದಂಪತಿ ಅವರು. ಅವರ ಮಟ್ಟಿಗೆ ಕೇಳುವುದೆಂದರೆ ಒಟ್ಟಿಗೆ ಕೇಳುವುದು.

ಉತ್ತರ ಟೀವಿಯ ಬೆನ್ನಲ್ಲೇ ಇತ್ತು. ಹೆಡ್‌ಫೋನ್ ತೂತಿಗೆ ಪಿನ್ನು ಚುಚ್ಚಿದರೆ ಸಾಮಾನ್ಯವಾಗಿ ಟೀವಿಯ ಸ್ವಂತ ಸ್ಪೀಕರು ಬಾಯಿ ಮುಚ್ಚುತ್ತದೆ. ಅದರ ಬದಲು ಕೆಂಪು-ಬಿಳಿ ಆಡಿಯೋ ಔಟ್ ಇದ್ದರೆ ಪೀಠವನ್ನು ಅಲ್ಲಿಗೆ ಜೋಡಿಸಿದಾಗ ಸಾಮಾನ್ಯವಾಗಿ ಸ್ಪೀಕರೂ ಹೆಡ್‌ಫೋನೂ ಎರಡೂ ನುಡಿಯುತ್ತವೆ. ಹುಡುಗಿಯೇ ಇದನ್ನು ಕಂಡುಹಿಡಿದಳು. ಈಗ ಸ್ಪೀಕರಿನ ವಾಲ್ಯೂಮು 10. ಅಜ್ಜಿಗೆ ಅಷ್ಟು ಸಾಕು, ಓದುವ ಕೋಣೆಗೆ ಅದು ತೊಂದರೆಯಲ್ಲ. ಅಜ್ಜನ ಕಿವಿಗೆ ಬೇಕಾದಷ್ಟನ್ನು ಹೆಡ್‌ಫೋನಿನ ಬದಿಯ ಗಾಲಿ ತಿರುಗಿಸಿ ಕೊಟ್ಟುಕೊಳ್ಳಬಹುದು. ಹಾಸ್ಯಗಾರನಿಗೆ ಚಾವಡಿಯಲ್ಲೊಂದು, ಅಡುಗೆಮನೆಯಲ್ಲೊಂದು, ಎರಡು ನಗೆ.

ಇನ್ನೊಂದು ವಿಷಯ ಸಂಪಾಜೆಯಂಥ ಊರಿಗೆ ವಿಶೇಷವಾದದ್ದು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜರಿದು ಘಟ್ಟದ ರಸ್ತೆಯೇ ಮುಚ್ಚಿಹೋಗಿತ್ತು. 2022ರ ಜೂನ್-ಜುಲೈಯಲ್ಲಿ ಸಂಪಾಜೆ, ಚೆಂಬು, ಗೂನಡ್ಕ ಕಡೆ ನೆಲ ಲಘುವಾಗಿ ಕಂಪಿಸಿದಾಗ ಜನರು ನಡುಕದೊಂದಿಗೇ ಹೇಳಿದ್ದು ಭೂಮಿಯೊಳಗಿನ ಗುಡುಗಿನಂಥ ಸದ್ದಿನ ಬಗ್ಗೆ. ಇಂಥ ಕಡೆ ಕಿವಿಯೂ ಮನೆಯ ಒಬ್ಬ ಕಾವಲುಗಾರ. ಹೊರಗಿನ ಸದ್ದನ್ನು ಪೂರ್ತಿ ತಡೆಯುವ ಹೆಡ್‌ಫೋನು ಇಲ್ಲಿ ಹಿತವಲ್ಲ. ಕಿವಿಯ ಮೇಲೆ ಹಗುರಾಗಿ ಕೂರುವ, ಹೊರಗಿನ ಸದ್ದು ಒಳಬರುವಂಥದ್ದೇ ಮೇಲು. ಜೋರು ಮಳೆಯ ರಾತ್ರಿ ಒಂದು ಕಿವಿ ತೆರೆದಿರಲಿ. ಈ ಮನೆಯಲ್ಲಿ ಅಜ್ಜನನ್ನು ಕರೆಯಬೇಕಾದರೆ ಚಾವಡಿಯ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುತ್ತಾರೆ.

ಹೆಡ್‌ಫೋನು ಮದ್ದಲ್ಲ ಎಂಬುದನ್ನೂ ಮರೆಯಬಾರದು. ಕೆಲವೊಮ್ಮೆ ಕಿವಿ ಮಂದವಾಗುವುದು ಬರೀ ಗುಗ್ಗೆಯಿಂದ. ಅದನ್ನು ವೈದ್ಯರೇ ನೋಡಬೇಕು, ಕಡ್ಡಿ ಹಾಕಿ ತೆಗೆಯುವುದು ಅಪಾಯ. ಒಂದೇ ಕಿವಿ ಥಟ್ಟನೆ ಕೇಳದಾದರೆ ಅದೇ ದಿನ ವೈದ್ಯರಲ್ಲಿಗೆ ಓಡಬೇಕು. ಸಂಪಾಜೆಯ ಹೆದ್ದಾರಿ ಮಡಿಕೇರಿ, ಹುಣಸೂರು ದಾಟಿ ಮುಟ್ಟುವ ಮೈಸೂರಿನಲ್ಲೇ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಜ್ಜನನ್ನು ಅಲ್ಲಿಗೆ ಕರೆದೊಯ್ದರು. ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಗೆರೆ ಎಡದಿಂದ ಬಲಕ್ಕೆ, ಆವೃತ್ತಿ ಏರಿದಂತೆ ಘಟ್ಟ ಇಳಿದ ಹಾಗೆ ಇಳಿದಿತ್ತು. ಒಂಬತ್ತನೆಯಲ್ಲಿ ಓದಿದ್ದ ಶಬ್ದದ ಪಾಠ ಹುಡುಗಿಗೆ ಆ ಕಾಗದದಲ್ಲಿ ಹೊಸದಾಗಿ ಅರ್ಥವಾಯಿತು. ಅಜ್ಜನ ಹಟ ಎಂದು ಮನೆಯವರು ತಿಳಿದದ್ದು ಒಂದು ಗೆರೆಯಾಗಿ ಎದುರಿಗಿತ್ತು. ಅದನ್ನು ನೋಡಿ ಅವಳ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಈಗ ಅಜ್ಜನಿಗೆ ಹಗಲು ಶ್ರವಣಸಾಧನ, ಸಂಜೆ ಟೀವಿಗೆ ಹೆಡ್‌ಫೋನು.

ಕಿವಿಗೆ ಸದಾ ಇಯರ್‌ಫೋನು ಸಿಕ್ಕಿಸಿಕೊಳ್ಳುವ ಮಕ್ಕಳಿಗೂ ಇಲ್ಲೊಂದು ಪಾಠವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು, ಮಕ್ಕಳಿಗೆ 75 ಡೆಸಿಬೆಲ್ ಮಿತಿ. 3 ಡೆಸಿಬೆಲ್ ಏರಿದಂತೆಲ್ಲ ಕಾಲ ಅರ್ಧಕ್ಕಿಳಿಯುತ್ತದೆ. 83 ಆದರೆ 20 ಗಂಟೆ, 86 ಆದರೆ 10 ಗಂಟೆ. ಒಳಗಿವಿಯ ರೋಮಕೋಶ ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅಜ್ಜನಿಗೆ ಎಂಬತ್ತಕ್ಕೆ ಬಂದದ್ದನ್ನು ಮೂವತ್ತಕ್ಕೇ ತಂದುಕೊಳ್ಳಬೇಕಾಗಿಲ್ಲ.

ಪರೀಕ್ಷೆಯ ವರ್ಷ ಬಂತೆಂದರೆ ಟೀವಿಯನ್ನು ಕಟ್ಟಿಡುವುದೇ ಪರಿಹಾರವೆಂದು ಅನೇಕ ಹೆತ್ತವರು ತಿಳಿಯುತ್ತಾರೆ. ಮನೆಯಲ್ಲಿ ಹಿರಿಯರಿದ್ದರೆ, ನಂದಿಸುವ ಮೊದಲು ಅವರಿಗೆ ಏನು ಕೇಳುತ್ತಿಲ್ಲ ಎಂದು ಒಮ್ಮೆ ವಿಚಾರಿಸುವುದು ಒಳ್ಳೆಯದು. ಸಂಪಾಜೆಯ ಆ ಮನೆಯಲ್ಲಿ ಟೀವಿಯ ಪಕ್ಕ ಹುಡುಗಿಯ ಕೈಬರಹದ ಒಂದು ವೇಳಾಪಟ್ಟಿ ಅಂಟಿಸಲಾಗಿದೆ. "ಏಳರಿಂದ ಒಂಬತ್ತೂವರೆ: ಅಜ್ಜ ಹೆಡ್‌ಫೋನು, ನಾನು ಓದು. ಶನಿವಾರ ರಾತ್ರಿ: ಹೆಡ್‌ಫೋನಿಗೆ ರಜೆ, ಯಕ್ಷಗಾನ ಎಲ್ಲರಿಗೂ." ಶನಿವಾರದ ಸಾಲಿನ ಕೆಳಗೆ ಅಜ್ಜಿ ಹೇಳಿ ಬರೆಸಿದ ಒಂದು ಷರತ್ತು ಇದೆ: "ವಾಲ್ಯೂಮು 25 ದಾಟಬಾರದು."