ತೂಗಿ ನೋಡಿದ ಮೇಲೆ

ನೆರೆಮನೆಯ ಉಮ್ಮ ಒಂದು ಸಂಜೆ ಅಂಗೈಯಗಲದ ಬೆಳ್ಳಿಯ ಬಿಲ್ಲೆ ತಂದರು. ಅವರ ಮಗ ಅಮೆರಿಕದಲ್ಲಿದ್ದಾಗ ಕೊಂಡು ತಂದದ್ದು. ಮೊಮ್ಮಗಳ ಕಾಲೇಜು ಫೀಸಿಗಾಗಿ ಮಾರಲು ಹೋದರೆ ಅಂಗಡಿಯವನು ತೂಗದೆಯೇ, "ಹತ್ತು ಔನ್ಸ್, ಅಂದರೆ 283 ಗ್ರಾಂ" ಎಂದನಂತೆ. "ಉಸ್ತಾದರೇ, ಇದು ಸರಿಯಾ?"

ಬಿಲ್ಲೆಯ ಮೇಲೆ ದೇಶದ ಹೆಸರಿರಲಿಲ್ಲ, ಮುಖಬೆಲೆಯೂ ಇರಲಿಲ್ಲ. ಅದು ಸರಕಾರದ ನಾಣ್ಯವಲ್ಲ, ಖಾಸಗಿ ಟಂಕಸಾಲೆಯದು. ಅದರ ಬೆಲೆಯೆಲ್ಲ ತೂಕ ಮತ್ತು ಶುದ್ಧತೆಯಲ್ಲೇ. '10 ಟ್ರಾಯ್ ಔನ್ಸ್, 999' ಎಂಬ ಮುದ್ರೆಯಿತ್ತು. ಸಾಮಾನ್ಯ ಔನ್ಸ್ 28.35 ಗ್ರಾಂ, ಚಿನ್ನ ಬೆಳ್ಳಿ ತೂಗುವ ಟ್ರಾಯ್ ಔನ್ಸ್ 31.10 ಗ್ರಾಂ. ನಾನು ಕಲಿಸುವ ಶಾಲೆಯ ಪ್ರಯೋಗಾಲಯದ ತಕ್ಕಡಿಯಲ್ಲಿ ಅದು 311 ಗ್ರಾಂ ತೂಗಿತು.

ಆದರೆ ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದಲ್ಲ? ನೀರಿನ ಪಾತ್ರೆಯನ್ನು ತಕ್ಕಡಿಯಲ್ಲಿಟ್ಟು ಸೊನ್ನೆ ಮಾಡಿ, ಬಿಲ್ಲೆಯನ್ನು ದಾರದಲ್ಲಿ ಕಟ್ಟಿ ತಳಕ್ಕೆ ತಾಗದಂತೆ ಮುಳುಗಿಸಿದೆ. 29.7 ಗ್ರಾಂ ತೋರಿಸಿತು. 311ನ್ನು ಅದರಿಂದ ಭಾಗಿಸಿದರೆ ಸುಮಾರು 10.5. ಅದು ಬೆಳ್ಳಿಯ ಸಾಂದ್ರತೆ. ತಾಮ್ರವಾಗಿದ್ದರೆ 9ರ ಆಸುಪಾಸು, ಸೀಸವಾಗಿದ್ದರೆ 11.3 ಬರುತ್ತಿತ್ತು.

ಇನ್ನೊಂದು ಅಂಗಡಿಯಲ್ಲಿ 311 ಗ್ರಾಂಗೇ ಬೆಲೆ ಸಿಕ್ಕಿತು. ಮೊದಲಿನವನದು ಅಜ್ಞಾನವೋ ಮೋಸವೋ, ಅಲ್ಲಾಹನೇ ಬಲ್ಲ. ನನ್ನನ್ನು ಕಾಡಿದ್ದು ಬೇರೆ. ತೂಕದಲ್ಲಿ ವಂಚಿಸುವವರನ್ನು ಎಚ್ಚರಿಸುವ 'ಅಲ್ ಮುತಫ್ಫಿಫೀನ್' ಅಧ್ಯಾಯವನ್ನು ಎಷ್ಟೋ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ತೂಗುವುದನ್ನು ಮಾತ್ರ ಕಲಿಸಿರಲಿಲ್ಲ. ಮರುದಿನ ಮದ್ರಸಕ್ಕೆ ಒಂದು ತಕ್ಕಡಿಯನ್ನೂ ಒಯ್ದೆ.