ಉಳವಿಯ ಕತ್ತಲಲ್ಲಿ ಕಂಡ ಬಾಲವಿಲ್ಲದ ಬಾಲಚುಕ್ಕಿ

ಶರಣಧರ್ಮವನ್ನು ನಂಬಿ ನಡೆಯುವ ಮನೆತನಗಳಲ್ಲಿ ಉಳವಿಯ ಹೆಸರನ್ನು ಅರಿಯದವರು ವಿರಳ. ಕಲ್ಯಾಣದ ಕ್ರಾಂತಿಯ ತರುವಾಯ ಶರಣರ ತಂಡವನ್ನು ಮುನ್ನಡೆಸಿಕೊಂಡು ಬಂದ ಚಿನ್ಮಯಜ್ಞಾನಿ ಚನ್ನಬಸವಣ್ಣನವರು ಲಿಂಗೈಕ್ಯರಾದ ಪುಣ್ಯಕ್ಷೇತ್ರವದು. ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಸಹ್ಯಾದ್ರಿಯ ದಟ್ಟ ಅಡವಿಯ ನಡುವೆ ಅದು ನೆಲೆಸಿದೆ. ಭರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಬರುವ ಪರಿಪಾಠ ಇಂದಿಗೂ ಉಳಿದಿದೆ. ಗದ್ದುಗೆಯ ದರ್ಶನ ಪಡೆದು, ಆಕಳ ಗವಿ, ಮಹಾಮನೆ ಗವಿಗಳನ್ನು ನೋಡಿ ಮರಳುವುದು ಯಾತ್ರಿಕರ ವಾಡಿಕೆ.

ಈ ಕ್ಷೇತ್ರಕ್ಕೆ ಇನ್ನೊಂದು ಸಂಪತ್ತಿದೆ. ಅದು ಅಲ್ಲಿಯ ಕತ್ತಲು. ಸುತ್ತಲೂ ಪಟ್ಟಣಗಳಿಲ್ಲದ ಆ ಅಡವಿಯಲ್ಲಿ ಅಮಾವಾಸ್ಯೆಯ ಆಸುಪಾಸಿನ ರಾತ್ರಿ ತಲೆಯೆತ್ತಿದರೆ, ನಮ್ಮ ಹಿರಿಯರು ಕಂಡ ಆಕಾಶವೇ ಕಾಣುತ್ತದೆ. ಆ ಆಕಾಶದಲ್ಲಿ 2007ರ ನವೆಂಬರದಲ್ಲಿ ಕಂಡ ಒಂದು ನೋಟವನ್ನೂ, ಅದರಿಂದ ಹುಟ್ಟಿದ ವಿಚಾರವನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹೋಮ್ಸ್ ಎಂಬುದೊಂದು ಧೂಮಕೇತು. 1892ರ ನವೆಂಬರ್ 6ರಂದು ಲಂಡನ್ನಿನ ಹವ್ಯಾಸಿ ವೀಕ್ಷಕ ಎಡ್ವಿನ್ ಹೋಮ್ಸ್, ಆಂಡ್ರೊಮಿಡ ನೀಹಾರಿಕೆಯನ್ನು ನೋಡಲು ದೂರದರ್ಶಕವನ್ನು ತಿರುಗಿಸಿದಾಗ ಅದರ ಸಮೀಪದಲ್ಲಿಯೇ ಇದು ಅವನ ಕಣ್ಣಿಗೆ ಬಿದ್ದಿತು. ಸುಮಾರು ಏಳು ವರ್ಷಗಳಿಗೊಮ್ಮೆ ಇದು ಸೂರ್ಯನನ್ನು ಸುತ್ತುತ್ತದೆ. 1906ರ ನಂತರ ಯಾರಿಗೂ ಕಾಣದೆ ಕಳೆದುಹೋಗಿದ್ದ ಇದನ್ನು, ಬ್ರಯನ್ ಮಾರ್ಸ್‌ಡನ್ ಹಾಕಿಕೊಟ್ಟ ಲೆಕ್ಕವನ್ನು ನಂಬಿ ಎಲಿಜಬೆತ್ ರೋಮರ್ ಎಂಬ ವಿದುಷಿ 1964ರಲ್ಲಿ ಮತ್ತೆ ಹುಡುಕಿ ತೆಗೆದರು. ಆಮೇಲೂ ಅದು ದೊಡ್ಡ ದೂರದರ್ಶಕಗಳಿಗೆ ಮಾತ್ರ ಎಟಕುವ ಮಸುಕು ಚುಕ್ಕೆಯಾಗಿಯೇ ಇದ್ದಿತು.

2007ರ ಅಕ್ಟೋಬರ್ 24ರ ನಸುಕಿನಲ್ಲಿ ಸ್ಪೇನ್ ದೇಶಕ್ಕೆ ಸೇರಿದ ಟೆನೆರೀಫ್ ದ್ವೀಪದ ಹವ್ಯಾಸಿಯೊಬ್ಬರು ಈ ಚುಕ್ಕೆ ವಿಪರೀತ ಬೆಳಗಿರುವುದನ್ನು ಕಂಡು ಲೋಕಕ್ಕೆ ತಿಳಿಸಿದರು. ಎರಡು ದಿನ ತುಂಬುವುದರೊಳಗಾಗಿ ಅದರ ಬೆಳಕು ಸುಮಾರು ಐದು ಲಕ್ಷ ಪಟ್ಟು ಹೆಚ್ಚಿ, ಬರಿಗಣ್ಣಿಗೆ ಚೆನ್ನಾಗಿ ತೋರುವ ಹಳದಿ ತಾರೆಯಂತಾಯಿತು. ಅದೇ ವಾರದ ಶೀಗಿ ಹುಣ್ಣಿಮೆಯ ಬೆಳದಿಂಗಳೂ ಅದನ್ನು ಮರೆಮಾಡಲಾರದೆ ಹೋಯಿತು.

ದೀಪಾವಳಿಗೆ ಇನ್ನು ನಾಲ್ಕೈದು ದಿನಗಳಿರುವಾಗ ನಾವು ಕೆಲವರು ದಾಂಡೇಲಿ, ಜೋಯಿಡಾಗಳನ್ನು ದಾಟಿ ಉಳವಿಗೆ ಹೋಗಿದ್ದೆವು. ನಮ್ಮೊಡನೆ ನಿವೃತ್ತ ಮಾಸ್ತರರೊಬ್ಬರಿದ್ದರು. ಅವರ ಕೈಚೀಲದಲ್ಲಿ ಒಂದು ಸಾಧಾರಣ ದುರ್ಬೀನು ಇದ್ದಿತು. ರಾತ್ರಿ ಪ್ರಸಾದವಾದ ಮೇಲೆ, ಒಂಬತ್ತರ ಹೊತ್ತಿಗೆ, ದೀಪಗಳಿಂದ ದೂರ ಸರಿದು ಬಯಲಿನಲ್ಲಿ ನಿಂತೆವು. ಪೂರ್ವದಲ್ಲಿ ಕೃತ್ತಿಕೆಯ ಗೊಂಚಲು ಮರಗಳ ಮೇಲಕ್ಕೆ ಏರಿದ್ದಿತು. ಅದರ ಎಡಕ್ಕೆ, ಈಶಾನ್ಯದಲ್ಲಿ, ಸರಿಸುಮಾರು ಅಷ್ಟೇ ಎತ್ತರದಲ್ಲಿ ಪರ್ಸಿಯಸ್ ನಕ್ಷತ್ರಪುಂಜ. ಅದರ ಕೆಳಗೆ ಆಗತಾನೆ ಮೂಡಿದ್ದ ಬ್ರಹ್ಮಹೃದಯ. ಆ ಪುಂಜದ ನಕ್ಷತ್ರಗಳ ನಡುವೆ, ಮಿನುಗದೆ, ಅಂಚು ಕದಡಿದ ಒಂದು ಚುಕ್ಕೆ ನಿಂತಿದ್ದಿತು. ದುರ್ಬೀನಿನಲ್ಲಿ ನೋಡಿದಾಗ ಅದು ಚುಕ್ಕೆಯಾಗಿರದೆ ದುಂಡನೆಯ ಬಿಂಬವಾಗಿದ್ದಿತು. ಹಣೆಯ ಮೇಲೆ ವಿಭೂತಿಯ ಬೊಟ್ಟನ್ನು ಮೃದುವಾಗಿ ಒತ್ತಿದಂತೆ ಕಾಣುತ್ತಿದ್ದಿತು.

ನಮ್ಮ ಗುಂಪನ್ನು ಕಂಡು ಧಾರವಾಡ ಸೀಮೆಯ ಒಬ್ಬ ವೃದ್ಧ ತಾಯಿ ಹತ್ತಿರ ಬಂದರು. ಅವರ ಮೊಮ್ಮಗಳ ನಿಶ್ಚಯ ಕಾರ್ತಿಕದಲ್ಲಿ ನಡೆಯಬೇಕಾಗಿದ್ದಿತು. ಆಕಾಶದಲ್ಲಿ ಧೂಮಕೇತು ಮೂಡಿದೆಯೆಂಬ ಸುದ್ದಿ ಊರಿಗೆ ಮುಟ್ಟಿ, ಬೀಗರ ಕಡೆಯ ಹಿರಿಯರು ಅದನ್ನು ಮುಂದೂಡಬೇಕೆಂದು ಹೇಳುತ್ತಿದ್ದರಂತೆ. ಒಮ್ಮೆ ಮುಂದೂಡಿದ ಕಾರ್ಯ ಮತ್ತೆ ಕೂಡಿಬರುವುದೋ ಇಲ್ಲವೋ ಎಂಬ ಚಿಂತೆ ಅವರನ್ನು ಉಳವಿಯವರೆಗೆ ಕರೆತಂದಿದ್ದಿತು.

“ಶಾಸ್ತ್ರಿಗಳ, ಬಾಲಚುಕ್ಕಿ ಮೂಡಿದಾಗ ನಿಶ್ಚಯ ಮಾಡಿದರ ಹುಡುಗಿಗೆ ಕೇಡಾಗೂದಿಲ್ಲೇನ್ರಿ?” ಎಂದು ಕೇಳಿದರು.

ಅವರ ಭಯವನ್ನು ಹಗುರವಾಗಿ ಕಾಣುವಂತಿರಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕೇತುಚಾರವೆಂಬ ಅಧ್ಯಾಯವೇ ಇದೆ. ಬಾಲಚುಕ್ಕಿಗಳ ಆಕಾರ, ಬಣ್ಣ, ದಿಕ್ಕುಗಳಿಗೆ ತಕ್ಕಂತೆ ಫಲಗಳನ್ನು ಅಲ್ಲಿ ಹೇಳಿದೆ. ಧೂಮವೇ ಪತಾಕೆಯಾಗಿ ಉಳ್ಳದ್ದು ಧೂಮಕೇತು ಎಂಬ ಹೆಸರಿನಲ್ಲಿಯೇ ಅಂಜಿಕೆಯ ನೆರಳಿದೆ. ಶತಮಾನಗಳ ಅಂಜಿಕೆಯನ್ನು ಒಂದು ಮಾತಿನಲ್ಲಿ ತೊಡೆಯಲಾಗದು.

ಮಾಸ್ತರರು ಏನೂ ಹೇಳದೆ ದುರ್ಬೀನನ್ನು ಆ ತಾಯಿಯ ಕೈಗೆ ಕೊಟ್ಟರು. ಅವರು ಬಹಳ ಹೊತ್ತು ನೋಡಿದರು. “ಹಿಂಜಿದ ಹತ್ತಿ ಉಂಡಿ ಇದ್ದಂಗ ಐತ್ರಿ. ಇದಕ್ಕ ಬಾಲನ ಇಲ್ಲಲ್ರಿ?” ಎಂದರು. ಆಗ ಮಾಸ್ತರರು ವಿವರಿಸಿದರು: ಬಾಲಚುಕ್ಕಿಯ ಬಾಲ ಯಾವಾಗಲೂ ಸೂರ್ಯನಿಗೆ ವಿಮುಖವಾಗಿ ಚಾಚಿರುತ್ತದೆ. ಈಗ ಸೂರ್ಯ ನಮ್ಮ ಬೆನ್ನ ಹಿಂದಿದ್ದು ಅದು ನಮ್ಮ ಮುಂದಿರುವುದರಿಂದ, ಬಾಲವೇನಿದ್ದರೂ ಅದರ ಹಿಂಬದಿಗೆ ಮರೆಯಾಗಿದೆ. ಅದು ನಮ್ಮಿಂದ ಸುಮಾರು 24 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅದರ ಗಟ್ಟಿ ತಿರುಳು ಮೂರೂವರೆ ಕಿಲೋಮೀಟರಿನಷ್ಟು ಮಾತ್ರ. ಹಿಮ ಮತ್ತು ಧೂಳು ಬೆರೆತ ಒಂದು ಗುಡ್ಡ. ಅದರ ಒಳಗಿನ ಹಿಮ ಆವಿಯಾಗಿ, ಒತ್ತಡ ಬೆಳೆದು ಮೇಲಿನ ಪದರನ್ನು ಒಡೆದಾಗ ಹಾರಿದ ಧೂಳಿನ ಮೇಲೆ ಬಿಸಿಲು ಬಿದ್ದು ಈ ಪ್ರಕಾಶ ಉಂಟಾಗಿದೆಯೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಆ ಧೂಳಿನ ಗೋಳ ಹಿಗ್ಗುತ್ತ ಹಿಗ್ಗುತ್ತ ದೀಪಾವಳಿಯ ಅಮಾವಾಸ್ಯೆಯ ಹೊತ್ತಿಗೆ ಸೂರ್ಯಬಿಂಬಕ್ಕಿಂತಲೂ ದೊಡ್ಡದಾಯಿತು.

ನಾನು ಹೇಳಿದ್ದು ಇಷ್ಟೇ: “ಅವ್ವಾ, 1892ರಿಂದ ಈಚೆಗೆ ಇದು ಹದಿನಾರು ಸಲ ಸೂರ್ಯನನ್ನು ಸುತ್ತಿ ಬಂದಿದೆ. ನಿಮ್ಮ ಮದುವೆಯಾದ ವರ್ಷವೂ, ನಿಮ್ಮ ಮಗ ಹುಟ್ಟಿದ ವರ್ಷವೂ ಇದು ಆಕಾಶದಲ್ಲಿ ಸುತ್ತುತ್ತಲೇ ಇದ್ದಿತು. ಆಗ ಕಾಣಲಿಲ್ಲವಾದ್ದರಿಂದ ಯಾರೂ ಅಂಜಲಿಲ್ಲ. ಅದರ ಇರುವಿಕೆ ಕೇಡಾಗದಿದ್ದರೆ, ಅದರ ಬೆಳಕು ಹೇಗೆ ಕೇಡಾದೀತು?”

ಶರಣರು ವಾರ, ತಿಥಿ, ಶಕುನಗಳ ಹಂಗನ್ನು ಹರಿದವರು. ಶಿವನಿಗೆ ಸಲ್ಲದ ದಿನವಿಲ್ಲವೆಂಬುದು ಅವರ ನಿಲುವು. ಕೇಳಿದ್ದಕ್ಕಿಂತ ಕಂಡುಂಡದ್ದಕ್ಕೆ, ಅಂದರೆ ಅನುಭಾವಕ್ಕೆ, ಅವರು ಹಿರಿಮೆ ಕೊಟ್ಟರು. ಆಕಾಶವನ್ನು ಕಣ್ಣಾರೆ ನೋಡುವ ಹವ್ಯಾಸ ಅನುಭಾವವೆಂದು ನಾನು ಹೇಳಲಾರೆ. ಆದರೆ ಅನುಭಾವಕ್ಕೆ ಅಡ್ಡ ನಿಲ್ಲುವ ಅಂಜಿಕೆಯನ್ನು ಅದು ತೊಲಗಿಸಬಲ್ಲದು. ಅಷ್ಟರ ಮಟ್ಟಿಗೆ ಅದು ಶರಣಮಾರ್ಗಕ್ಕೆ ನೆರವಾದೀತು.

ಆ ತಾಯಿಯ ಮನೆಯ ಸುದ್ದಿ ಮುಂದೆ ಮಾಸ್ತರರಿಂದ ತಿಳಿಯಿತು. ಬೀಗರಲ್ಲಿ ಒಬ್ಬಿಬ್ಬರು ಹಿರಿಯರು ಕೊನೆಯವರೆಗೂ ಒಪ್ಪಲಿಲ್ಲವಂತೆ. “ನೀವು ಕೇಳೀರಿ, ನಾ ನೋಡೇನಿ” ಎಂದು ಆಕೆ ಪಟ್ಟುಹಿಡಿದು, ಗೊತ್ತುಮಾಡಿದ ದಿನದಂದೇ ನಿಶ್ಚಯವನ್ನು ನಡೆಸಿದರಂತೆ.

ಹೋಮ್ಸ್ ಧೂಮಕೇತು 2014ರಲ್ಲಿಯೂ 2021ರಲ್ಲಿಯೂ ಸೂರ್ಯನ ಸಮೀಪಕ್ಕೆ ಬಂದುಹೋಯಿತು; ಬರಿಗಣ್ಣಿಗೆ ಕಾಣುವಷ್ಟು ಬೆಳಗಲಿಲ್ಲ. ಮತ್ತೆ 2028ರಲ್ಲಿ ಅದರ ಸರದಿ. ಇಂಥ ನೋಟಕ್ಕೆ ದೊಡ್ಡ ಸಲಕರಣೆ ಬೇಡ. ನಿತ್ಯದ ನಕ್ಷತ್ರಗಳ ಪರಿಚಯವಿದ್ದವನಿಗೆ ಹೊಸ ಚುಕ್ಕೆ ತಾನಾಗಿ ಗುರುತು ಸಿಗುತ್ತದೆ. ಜೊತೆಗೆ ಒಂದು ದುರ್ಬೀನು ಇದ್ದರೆ ಸಾಕು. ಜಾತ್ರೆಯ ಕಾಲ ಹುಣ್ಣಿಮೆಯದಾದ್ದರಿಂದ ಆಗ ತಾರೆಗಳು ಮಂಕಾಗಿರುತ್ತವೆ. ಆದುದರಿಂದ ಭಕ್ತರು ಮಳೆಗಾಲ ಕಳೆದ ಮೇಲೆ, ಅಮಾವಾಸ್ಯೆಯ ಆಸುಪಾಸಿನಲ್ಲಿ, ಮಕ್ಕಳು ಮೊಮ್ಮಕ್ಕಳೊಡನೆ ಉಳವಿಯಲ್ಲಿ ಒಂದು ರಾತ್ರಿ ತಂಗಬೇಕು. ಗದ್ದುಗೆಗೆ ಹಣೆ ಮಣಿದ ಬಳಿಕ ಹೊರಬಂದು, ಕೃತ್ತಿಕೆ ಯಾವುದು, ಬ್ರಹ್ಮಹೃದಯ ಯಾವುದು ಎಂದು ಮಕ್ಕಳಿಗೆ ಬೆರಳಿಟ್ಟು ತೋರಿಸಬೇಕು. ಹಾಗೆ ಆಕಾಶದ ಪರಿಚಯವಾದ ಮಕ್ಕಳು ನಾಳೆ ಯಾವ ಬಾಲಚುಕ್ಕಿ ಮೂಡಿದರೂ ಅಂಜಿ ಬಾಗಿಲು ಹಾಕಿಕೊಳ್ಳದೆ, ನೋಡುವುದಕ್ಕೆಂದು ಅಂಗಳಕ್ಕೆ ಬಂದಾರು.